ವೈಜ್ಞಾನಿಕ ಕಥನದಲ್ಲಿ ಪೌರ್ವಾತ್ಯ ತತ್ತ್ವಚಿಂತನೆ

ವೈಜ್ಞಾನಿಕ ಕಥನದಲ್ಲಿ ಪೌರ್ವಾತ್ಯ ತತ್ತ್ವಚಿಂತನೆ ಎಂಬುದು ಭಾರತ, ಚೀನಾ, ಟಿಬೆಟ್, ಜಪಾನ್ ಮೊದಲಾದ ಏಷ್ಯಾದ ನಾಡುಗಳಲ್ಲಿ ಬೆಳೆದ ದರ್ಶನಗಳ ಪರಿಕಲ್ಪನೆಗಳು ವಿಜ್ಞಾನ ಕಥೆ, ಕಾದಂಬರಿ, ನಾಟಕ ಹಾಗೂ ಚಲನಚಿತ್ರಗಳಲ್ಲಿ ಬಳಕೆಯಾಗಿರುವ ಬಗೆಯನ್ನು ಸೂಚಿಸುತ್ತದೆ. ಮಾಯೆ, ಕರ್ಮ, ಪುನರ್ಜನ್ಮ, ಶೂನ್ಯ, ಕಲ್ಪ, ಋತ, ತಾವೋ ಮೊದಲಾದವು ಹೀಗೆ ಬಳಕೆಗೊಂಡ ಮುಖ್ಯ ಪರಿಕಲ್ಪನೆಗಳು. ಇಪ್ಪತ್ತನೆಯ ಶತಮಾನದ ಮಧ್ಯಭಾಗದಿಂದ ಇಂಗ್ಲಿಷ್ ವಿಜ್ಞಾನ ಕಥೆಗಳಲ್ಲಿ ಇವು ಎದ್ದು ಕಾಣತೊಡಗಿದವು. ಕನ್ನಡದಲ್ಲಿ ಇವು ಹೊರಗಿನಿಂದ ಬಂದ ವಸ್ತುಗಳಲ್ಲ. ಪುರಾಣ, ಉಪನಿಷತ್ತು, ವಚನ ಮತ್ತು ಜನಪದ ಕಥೆಗಳ ಮೂಲಕ ಓದುಗರಿಗೆ ಮೊದಲೇ ಪರಿಚಿತವಾಗಿದ್ದವು. ಆದುದರಿಂದ ಕನ್ನಡದ ವೈಜ್ಞಾನಿಕ ಕಥನದಲ್ಲಿ ಅವುಗಳ ಪಾತ್ರವೂ ಬೇರೆಯಾಗಿದೆ.

ಈ ಲೇಖನವು ಮುಖ್ಯವಾಗಿ ಕನ್ನಡದ ಕೃತಿಗಳನ್ನೂ, ಅವುಗಳಲ್ಲಿ ಕೆಲವಕ್ಕೆ ನೆಲೆಯಾದ ಹುಬ್ಬಳ್ಳಿ-ಧಾರವಾಡದ ಸಾಹಿತ್ಯಕ ಪರಿಸರವನ್ನೂ ಕುರಿತದ್ದಾಗಿದೆ.

ವ್ಯಾಪ್ತಿ ಮತ್ತು ಪರಿಭಾಷೆ

ಕನ್ನಡದಲ್ಲಿ ಈ ಪ್ರಕಾರಕ್ಕೆ ವಿಜ್ಞಾನ ಕಥೆ, ವೈಜ್ಞಾನಿಕ ಕಥೆ, ವೈಜ್ಞಾನಿಕ ಕಾದಂಬರಿ ಎಂಬ ಹೆಸರುಗಳಿವೆ. ವಿಜ್ಞಾನದ ವಿಷಯವನ್ನು ಸರಳವಾಗಿ ತಿಳಿಸುವ ಬರಹವು ವಿಜ್ಞಾನ ಸಾಹಿತ್ಯವೆನಿಸುತ್ತದೆ. ವಿಜ್ಞಾನದಲ್ಲಿ ಸಾಧ್ಯವಿರುವ ಅಥವಾ ಸಾಧ್ಯವೆಂದು ಊಹಿಸಬಹುದಾದ ಒಂದು ಸನ್ನಿವೇಶವನ್ನು ಕಲ್ಪಿಸಿಕೊಂಡು, ಅದರಲ್ಲಿ ಮನುಷ್ಯರು ಹೇಗೆ ವರ್ತಿಸುತ್ತಾರೆಂದು ನೋಡುವ ಬರಹವು ವಿಜ್ಞಾನ ಕಥೆಯೆನಿಸುತ್ತದೆ. ಮೊದಲನೆಯದು ಇರುವುದನ್ನು ವಿವರಿಸಿದರೆ ಎರಡನೆಯದು 'ಹೀಗಾದರೆ ಏನು?' ಎಂದು ಕೇಳುತ್ತದೆ.

ಭಾರತೀಯ ತತ್ತ್ವಶಾಸ್ತ್ರದಲ್ಲಿಯೂ ಇಂತಹ ಪ್ರಶ್ನೆಗಳು ಕಥೆಯ ರೂಪದಲ್ಲಿ ಬರುವುದುಂಟು. ತಲೆಗಳು ಅದಲುಬದಲಾದರೆ ಗಂಡನಾರು, ಭಿಕ್ಷುಕನೆಂದು ಕನಸು ಕಂಡ ಅರಸನು ನಿಜಕ್ಕೂ ಯಾರು, ಬ್ರಹ್ಮಲೋಕದಲ್ಲಿ ಒಂದು ಕ್ಷಣ ಕಳೆದವನಿಗೆ ಭೂಮಿಯಲ್ಲಿ ಎಷ್ಟು ಕಾಲ ಸಂದಿರುತ್ತದೆ ಎಂಬಂತಹವು ಇದಕ್ಕೆ ಉದಾಹರಣೆಗಳು. ವಿಜ್ಞಾನ ಕಥೆಗೂ ತತ್ತ್ವಚಿಂತನೆಗೂ ಇರುವ ನಿಜವಾದ ನಂಟು ಪ್ರಶ್ನೆ ಕೇಳುವ ಈ ಕ್ರಮದಲ್ಲಿದೆಯೇ ಹೊರತು ಉತ್ತರಗಳಲ್ಲಿ ಅಲ್ಲ.

'ಪೌರ್ವಾತ್ಯ ತತ್ತ್ವಶಾಸ್ತ್ರ' ಎಂಬ ಪದವು ಒಂದೇ ಸಿದ್ಧಾಂತವನ್ನು ಸೂಚಿಸುವುದಿಲ್ಲ. ಕರ್ನಾಟಕವೊಂದನ್ನೇ ತೆಗೆದುಕೊಂಡರೂ ಶೃಂಗೇರಿಯ ಅದ್ವೈತ, ಉಡುಪಿಯ ದ್ವೈತ, ಮೇಲುಕೋಟೆಯ ವಿಶಿಷ್ಟಾದ್ವೈತ, ಶ್ರವಣಬೆಳಗೊಳದ ಜೈನ ಅನೇಕಾಂತವಾದ, ಶರಣರ ಶಿವಾನುಭವ ಎಂಬ ಭಿನ್ನ ಪರಂಪರೆಗಳು ಕಾಣುತ್ತವೆ. ಇವು ಜಗತ್ತಿನ ಸ್ವರೂಪದ ವಿಷಯದಲ್ಲಿ ಪರಸ್ಪರ ವಾದ ಮಾಡಿವೆ.

ವಿಶ್ವಸಾಹಿತ್ಯದಲ್ಲಿ

ಆರ್ಥರ್ ಸಿ. ಕ್ಲಾರ್ಕ್ ಅವರು 1953ರಲ್ಲಿ ಪ್ರಕಟಿಸಿದ 'ದಿ ನೈನ್ ಬಿಲಿಯನ್ ನೇಮ್ಸ್ ಆಫ್ ಗಾಡ್' ಎಂಬ ಸಣ್ಣಕಥೆಯಲ್ಲಿ ಟಿಬೆಟಿನ ಲಾಮಾಗಳು ದೇವರ ಎಲ್ಲ ಹೆಸರುಗಳನ್ನೂ ಪಟ್ಟಿ ಮಾಡುವುದಕ್ಕಾಗಿ ಗಣಕಯಂತ್ರವೊಂದನ್ನು ತರಿಸುತ್ತಾರೆ. ಪಟ್ಟಿ ಮುಗಿದೊಡನೆ ಜಗತ್ತಿನ ಉದ್ದೇಶವೂ ಮುಗಿಯುವುದೆಂಬುದು ಅವರ ನಂಬಿಕೆ. ಕ್ಲಾರ್ಕ್ ಅವರು ಮುಂದೆ ಶ್ರೀಲಂಕೆಯಲ್ಲಿ ನೆಲೆಸಿದರು. 1979ರ 'ದಿ ಫೌಂಟನ್ಸ್ ಆಫ್ ಪ್ಯಾರಡೈಸ್' ಕಾದಂಬರಿಯಲ್ಲಿ ಬೌದ್ಧ ವಿಹಾರವಿರುವ ಬೆಟ್ಟದ ಮೇಲೆ ಆಕಾಶಕ್ಕೆ ಏರುವ ಲಿಫ್ಟನ್ನು ಕಟ್ಟುವ ಯೋಜನೆಯನ್ನು ವರ್ಣಿಸಿದರು.

ಫಿಲಿಪ್ ಕೆ. ಡಿಕ್ ಅವರ 'ದಿ ಮ್ಯಾನ್ ಇನ್ ದಿ ಹೈ ಕ್ಯಾಸಲ್' (1962) ಕಾದಂಬರಿಯಲ್ಲಿ ಪಾತ್ರಗಳು ಚೀನಾದ ಪ್ರಾಚೀನ ಶಕುನಗ್ರಂಥವಾದ 'ಐ ಚಿಂಗ್'ನ ಸಲಹೆ ಕೇಳುತ್ತವೆ. ರೋಜರ್ ಝೆಲಾಜ್ನಿ ಅವರ 'ಲಾರ್ಡ್ ಆಫ್ ಲೈಟ್' (1967) ಕಾದಂಬರಿಯು 1968ರಲ್ಲಿ ಹ್ಯೂಗೊ ಪ್ರಶಸ್ತಿ ಪಡೆಯಿತು. ಇದರಲ್ಲಿ ಬೇರೊಂದು ಗ್ರಹಕ್ಕೆ ವಲಸೆ ಹೋದ ಕೆಲವರು ತಂತ್ರಜ್ಞಾನವನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡು ಹಿಂದೂ ದೇವತೆಗಳ ಹೆಸರಿನಲ್ಲಿ ಆಳುತ್ತಾರೆ. ಸತ್ತವರ ಮನಸ್ಸನ್ನು ಹೊಸ ದೇಹಕ್ಕೆ ವರ್ಗಾಯಿಸುವ ಯಂತ್ರ ಅವರ ಬಳಿ ಇರುತ್ತದೆ. ಯಾರಿಗೆ ಎಂತಹ ದೇಹ ದೊರೆಯಬೇಕೆಂಬುದನ್ನು ಅವರೇ ತೀರ್ಮಾನಿಸುವುದರಿಂದ ಕರ್ಮಸಿದ್ಧಾಂತವು ಆಳ್ವಿಕೆಯ ಉಪಕರಣವಾಗುತ್ತದೆ. ಅದರ ವಿರುದ್ಧ ದಂಗೆಯೇಳುವ ನಾಯಕನು ಬುದ್ಧನ ಬೋಧನೆಯನ್ನು ಮತ್ತೆ ಪ್ರಚಾರಕ್ಕೆ ತರುತ್ತಾನೆ.

ಅರ್ಸುಲಾ ಕೆ. ಲೆ ಗ್ವಿನ್ ಅವರು ಚೀನಾದ ತಾವೋ ಚಿಂತನೆಯನ್ನು ಜೀವನವಿಡೀ ಅಭ್ಯಾಸ ಮಾಡಿದ ಲೇಖಕಿ. 'ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್' (1969) ಕಾದಂಬರಿಯಲ್ಲಿ ಬೆಳಕು-ಕತ್ತಲೆ, ಹೆಣ್ಣು-ಗಂಡು ಎಂಬ ದ್ವಂದ್ವಗಳು ಒಂದನ್ನೊಂದು ಪೂರೈಸುವ ಬಗೆಯನ್ನು ಅವರು ಚಿತ್ರಿಸಿದರು. 1997ರಲ್ಲಿ 'ತಾವೋ ತೇ ಚಿಂಗ್' ಗ್ರಂಥದ ತಮ್ಮದೇ ಇಂಗ್ಲಿಷ್ ರೂಪವನ್ನು ಹೊರತಂದರು.

ಚಲನಚಿತ್ರಗಳಲ್ಲಿ 'ಸ್ಟಾರ್ ವಾರ್ಸ್' (1977) ಸರಣಿಯ 'ಫೋರ್ಸ್' ಎಂಬ ಸರ್ವವ್ಯಾಪಿ ಶಕ್ತಿಯನ್ನು ತಾವೋ ಹಾಗೂ ಪ್ರಾಣ ಎಂಬ ಕಲ್ಪನೆಗಳೊಂದಿಗೆ ಹೋಲಿಸಲಾಗುತ್ತದೆ. 'ದಿ ಮ್ಯಾಟ್ರಿಕ್ಸ್' (1999) ಚಿತ್ರದಲ್ಲಿ ಮನುಷ್ಯರು ಕಾಣುವ ಜಗತ್ತು ಯಂತ್ರಗಳು ಹೆಣೆದ ಭ್ರಮೆಯಾಗಿರುತ್ತದೆ. ಈ ಸರಣಿಯ ಮೂರನೆಯ ಚಿತ್ರ 2003ರಲ್ಲಿ ತೆರೆಕಂಡಿತು. ಅದರ ಕೊನೆಯ ಸಂಗೀತದಲ್ಲಿ ಬೃಹದಾರಣ್ಯಕ ಉಪನಿಷತ್ತಿನ ಮಂತ್ರವನ್ನು ಅಳವಡಿಸಲಾಗಿದೆ.

ನೆರೆಯ ಮರಾಠಿಯಲ್ಲಿ, ಕೊಲ್ಹಾಪುರದಲ್ಲಿ ಜನಿಸಿದ ಖಗೋಳವಿಜ್ಞಾನಿ ಜಯಂತ ನಾರಳೀಕರ ಅವರು (1938–2025) ವಿಜ್ಞಾನ ಕಥೆಗೆ ಗಟ್ಟಿಯಾದ ನೆಲೆ ಒದಗಿಸಿದರು. ಅವರ 'ವಾಮನ ಪರತ ನ ಆಲಾ' ಕಾದಂಬರಿಯು ವಾಮನಾವತಾರದ ಕಥೆಯನ್ನು ಎಚ್ಚರಿಕೆಯ ರೂಪಕವಾಗಿ ಬಳಸುತ್ತದೆ. ಚಿಕ್ಕದೆಂದು ಬರಮಾಡಿಕೊಂಡ ಯಂತ್ರವು ಬೆಳೆದು ಮನುಷ್ಯನ ನೆಲೆಯನ್ನೇ ಆಕ್ರಮಿಸಬಹುದೆಂಬುದು ಅದರ ಆಶಯ.

ಪ್ರಮುಖ ಪರಿಕಲ್ಪನೆಗಳು ಮತ್ತು ಕನ್ನಡ ಕೃತಿಗಳು

ಕಾಲ

ಧಾರವಾಡದ ರಾಜಶೇಖರ ಭೂಸನೂರಮಠ ಅವರು ಕನ್ನಡದ ಪ್ರಮುಖ ವೈಜ್ಞಾನಿಕ ಕಾದಂಬರಿಕಾರರಲ್ಲಿ ಒಬ್ಬರು. 'ಆಪರೇಷನ್ ಯು.ಎಫ್.ಒ.' ಮತ್ತು 'ಮನ್ವಂತರ' ಅವರ ಹೆಸರಾಂತ ಕೃತಿಗಳು. ಮೊದಲನೆಯದರ ಹೆಸರು ಇಪ್ಪತ್ತನೆಯ ಶತಮಾನದ ಹಾರುವ ತಟ್ಟೆಗಳ ಕುತೂಹಲವನ್ನು ನೆನಪಿಸಿದರೆ, ಎರಡನೆಯದರ ಹೆಸರು ಪುರಾಣಗಳ ಕಾಲಗಣನೆಯಿಂದ ಬಂದಿದೆ. ಈ ಎರಡು ಶೀರ್ಷಿಕೆಗಳ ನಡುವಿನ ಅಂತರವೇ ಕನ್ನಡ ವಿಜ್ಞಾನ ಕಥೆಯ ಹರವನ್ನು ಸೂಚಿಸುತ್ತದೆ.

ಪುರಾಣಗಳ ಲೆಕ್ಕದಂತೆ ನಾಲ್ಕು ಯುಗಗಳು ಸೇರಿ 43,20,000 ವರ್ಷಗಳ ಒಂದು ಮಹಾಯುಗವಾಗುತ್ತದೆ. 71 ಮಹಾಯುಗಗಳಿಗೆ, ಅಂದರೆ 30,67,20,000 ವರ್ಷಗಳಿಗೆ ಒಂದು ಮನ್ವಂತರ. ಸಂಧಿಕಾಲಗಳನ್ನೂ ಸೇರಿಸಿ 14 ಮನ್ವಂತರಗಳಿಗೆ, ಅಂದರೆ 1,000 ಮಹಾಯುಗಗಳಿಗೆ ಒಂದು ಕಲ್ಪ. ಇದು 432 ಕೋಟಿ ವರ್ಷಗಳ ಅವಧಿ. ಬ್ರಹ್ಮನ ಒಂದು ಹಗಲು. ಈಗ ನಡೆಯುತ್ತಿರುವುದು ಏಳನೆಯದಾದ ವೈವಸ್ವತ ಮನ್ವಂತರ. ಪ್ರತಿ ಮನ್ವಂತರಕ್ಕೂ ಬೇರೆ ಮನು, ಬೇರೆ ಇಂದ್ರ, ಬೇರೆ ಸಪ್ತರ್ಷಿಗಳಿರುತ್ತಾರೆ. ಅಧಿಕಾರ ಯಾರಿಗೂ ಶಾಶ್ವತವಲ್ಲ, ದೇವೇಂದ್ರನಿಗೂ ಅಲ್ಲ ಎಂಬುದು ಈ ಗಣನೆಯ ಹಿಂದಿನ ಭಾವ. ನಾಗರಿಕತೆಗಳು ಹುಟ್ಟಿ ಅಳಿಯುವ ಕಥೆ ಹೇಳುವ ವಿಜ್ಞಾನ ಕಥೆಗಾರನಿಗೆ ಇದು ಸಹಜವಾದ ಚೌಕಟ್ಟಾಗಿ ಒದಗುತ್ತದೆ.

ಭಾಗವತದ ಒಂಬತ್ತನೆಯ ಸ್ಕಂಧದಲ್ಲಿ ಬರುವ ರೈವತ ಕಕುದ್ಮಿಯ ಕಥೆಯೂ ಈ ಸಂದರ್ಭದಲ್ಲಿ ಮತ್ತೆ ಮತ್ತೆ ಪ್ರಸ್ತಾಪವಾಗುತ್ತದೆ. ಮಗಳಾದ ರೇವತಿಗೆ ವರನನ್ನು ಕೇಳಲು ಆತ ಬ್ರಹ್ಮಲೋಕಕ್ಕೆ ಹೋಗುತ್ತಾನೆ. ಅಲ್ಲಿ ನಡೆಯುತ್ತಿದ್ದ ಗಾನ ಮುಗಿಯುವವರೆಗೆ ಕಾಯುವಷ್ಟರಲ್ಲಿ ಭೂಮಿಯಲ್ಲಿ 27 ಚತುರ್ಯುಗಗಳು ಉರುಳಿರುತ್ತವೆ. ಆತ ಮನಸ್ಸಿನಲ್ಲಿಟ್ಟುಕೊಂಡಿದ್ದ ವರರಾರೂ ಆಗ ಬದುಕಿರುವುದಿಲ್ಲ. ಐನ್‌ಸ್ಟೈನರು 1905ರಲ್ಲಿ ಮಂಡಿಸಿದ ವಿಶೇಷ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ, ಬೆಳಕಿನ ವೇಗದ ಶೇಕಡ 99.5ರಷ್ಟು ವೇಗದಲ್ಲಿ ಸಾಗುವ ನೌಕೆಯಲ್ಲಿ ಒಂದು ವರ್ಷ ಕಳೆದರೆ ಭೂಮಿಯಲ್ಲಿ ಸುಮಾರು ಹತ್ತು ವರ್ಷ ಕಳೆದಿರುತ್ತದೆ. ಎರಡರ ನಡುವೆ ಹೋಲಿಕೆಯಿದೆ, ಆದರೆ ಸಮಾನತೆಯಿಲ್ಲ. ಸಾಪೇಕ್ಷತೆಯಲ್ಲಿ ವ್ಯತ್ಯಾಸಕ್ಕೆ ಕಾರಣ ವೇಗ ಅಥವಾ ಗುರುತ್ವ. ಅದನ್ನು ಲೆಕ್ಕ ಹಾಕಬಹುದು, ಪ್ರಯೋಗದಿಂದ ಅಳೆಯಬಹುದು. ಪುರಾಣದಲ್ಲಿ ಕಾರಣ ಲೋಕಭೇದ; ಅದರ ತಾತ್ಪರ್ಯ ಮನುಷ್ಯನ ಯೋಜನೆಗಳ ಅಲ್ಪತೆ.

ಕನಸು ಮತ್ತು ಎಚ್ಚರ

ಪವನ್ ಕುಮಾರ್ ನಿರ್ದೇಶನದ 'ಲೂಸಿಯಾ' ಚಲನಚಿತ್ರವು 2013ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು. ಸಾರ್ವಜನಿಕರಿಂದ ಸಂಗ್ರಹಿಸಿದ ಸುಮಾರು 50 ಲಕ್ಷ ರೂಪಾಯಿಗಳ ನೆರವಿನಿಂದ ತಯಾರಾದ ಈ ಚಿತ್ರ ಕನ್ನಡದಲ್ಲಿ ಆ ಬಗೆಯ ಪ್ರಯತ್ನಗಳಿಗೆ ದಾರಿ ತೋರಿತು. ಚಿತ್ರಮಂದಿರದಲ್ಲಿ ಟಾರ್ಚ್ ಹಿಡಿದು ಪ್ರೇಕ್ಷಕರಿಗೆ ಸೀಟು ತೋರಿಸುವ ನಿಕ್ಕಿಗೆ ನಿದ್ರೆ ಬಾರದು. ಬಯಸಿದ ಕನಸನ್ನು ದಿನವೂ ಮುಂದುವರಿಸುವ ಮಾತ್ರೆಯೊಂದು ಅವನಿಗೆ ದೊರೆಯುತ್ತದೆ. ಕನಸಿನಲ್ಲಿ ಅವನು ಹೆಸರುವಾಸಿಯಾದ ಚಿತ್ರನಟ. ಬಡವನ ಬದುಕು ವರ್ಣದಲ್ಲಿಯೂ ನಟನ ಬದುಕು ಕಪ್ಪು-ಬಿಳುಪಿನಲ್ಲಿಯೂ ತೋರುತ್ತವೆ. ಕೊನೆಯಲ್ಲಿ ಇದು ತಿರುವುಮುರುವಾಗುತ್ತದೆ: ನಟನೇ ನಿಜ, ಟಾರ್ಚ್ ಹಿಡಿದವನು ಅವನು ಕಂಡ ಕನಸು.

ಜನಕರಾಜನ ಕನಸಿನ ಕಥೆಯನ್ನು ಕೇಳಿದ ಕನ್ನಡ ಪ್ರೇಕ್ಷಕನಿಗೆ ಈ ತಿರುವು ಅಪರಿಚಿತವಲ್ಲ. ತಾನು ಭಿಕ್ಷುಕನೆಂದು ಕನಸು ಕಂಡು ಎದ್ದ ಅರಸನು 'ಅದು ನಿಜವೋ, ಇದು ನಿಜವೋ' ಎಂದು ಸಭೆಯನ್ನು ಕೇಳುತ್ತಾನೆ. ಚೀನಾದ ಝುವಾಂಗ್‌ಝಿ ತಾನು ಚಿಟ್ಟೆಯಾದಂತೆ ಕಂಡ ಕನಸಿನ ಪ್ರಸಂಗವೂ ಇದೇ ಬಗೆಯದು. 12 ಮಂತ್ರಗಳಷ್ಟೇ ಇರುವ ಮಾಂಡೂಕ್ಯ ಉಪನಿಷತ್ತು ಜಾಗ್ರತ್, ಸ್ವಪ್ನ, ಸುಷುಪ್ತಿ ಎಂಬ ಮೂರು ಅವಸ್ಥೆಗಳನ್ನೂ ಅವುಗಳನ್ನು ಮೀರಿದ ತುರೀಯವನ್ನೂ ಹೇಳುತ್ತದೆ. ಗೌಡಪಾದರು ತಮ್ಮ ಕಾರಿಕೆಗಳಲ್ಲಿ ಎಚ್ಚರದ ಅನುಭವವನ್ನು ಕನಸಿಗೆ ಹೋಲಿಸಿದರು.

ಎಚ್ಚರವೂ ಕನಸೇ ಎಂಬುದು ಭಾರತೀಯ ದರ್ಶನಗಳ ಒಮ್ಮತದ ತೀರ್ಮಾನವೆಂದು ತಿಳಿಯುವುದು ಸರಿಯಲ್ಲ. ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ವಿಜ್ಞಾನವಾದಿ ಬೌದ್ಧರನ್ನು ಖಂಡಿಸುವಾಗ, ಎಚ್ಚರವು ಕನಸಿನಂತಲ್ಲ, ಏಕೆಂದರೆ ಕನಸು ಎಚ್ಚರದಿಂದ ಬಾಧಿತವಾಗುತ್ತದೆ ಎಂದು ಸ್ಪಷ್ಟಪಡಿಸುತ್ತಾರೆ. ವ್ಯವಹಾರದ ಮಟ್ಟದಲ್ಲಿ ಜಗತ್ತು ಇದ್ದೇ ಇದೆ. ಬ್ರಹ್ಮಜ್ಞಾನದ ನೆಲೆಯಿಂದ ಮಾತ್ರ ಅದು ಮಿಥ್ಯೆ. ಹದಿಮೂರನೆಯ ಶತಮಾನದ ಮಧ್ವಾಚಾರ್ಯರು ಇದನ್ನೂ ಒಪ್ಪದೆ ಜಗತ್ತು ಸತ್ಯವೆಂದೂ ಜೀವ, ಜಡ, ಈಶ್ವರರ ನಡುವಿನ ಐದು ಬಗೆಯ ಭೇದಗಳು ನಿತ್ಯವೆಂದೂ ಸಾಧಿಸಿದರು. ಆದುದರಿಂದ 'ಮ್ಯಾಟ್ರಿಕ್ಸ್' ಅಥವಾ 'ಲೂಸಿಯಾ'ದ ಪ್ರಶ್ನೆಗೆ ಶೃಂಗೇರಿಯಿಂದ ಒಂದು ಉತ್ತರವೂ ಉಡುಪಿಯಿಂದ ಮತ್ತೊಂದು ಉತ್ತರವೂ ದೊರೆಯುತ್ತದೆ.

ದೇಹ ಮತ್ತು ವ್ಯಕ್ತಿತ್ವ

ಮೆದುಳಿನ ಕಸಿ, ಮನಸ್ಸಿನ ನಕಲು, ತದ್ರೂಪಿ ಸೃಷ್ಟಿ ಮೊದಲಾದ ವಸ್ತುಗಳುಳ್ಳ ವಿಜ್ಞಾನ ಕಥೆಗಳ ಮೂಲಪ್ರಶ್ನೆ ಒಂದೇ: ದೇಹ ಬದಲಾದರೆ ವ್ಯಕ್ತಿ ಅದೇ ಆಗಿ ಉಳಿಯುವನೇ? ಹನ್ನೊಂದನೆಯ ಶತಮಾನದಲ್ಲಿ ಸೋಮದೇವನು ರಚಿಸಿದ ಕಥಾಸರಿತ್ಸಾಗರದಲ್ಲಿರುವ ಬೇತಾಳ ಕಥೆಯೊಂದು ಇದೇ ಪ್ರಶ್ನೆಯನ್ನು ಒಗಟಿನ ರೂಪದಲ್ಲಿ ಕೇಳುತ್ತದೆ. ತಲೆಗಳು ಅದಲುಬದಲಾದ ಇಬ್ಬರಲ್ಲಿ ಆ ಹೆಣ್ಣಿನ ಗಂಡನಾರೆಂದು ಕೇಳಿದ ಬೇತಾಳನಿಗೆ, ಅವಯವಗಳಲ್ಲಿ ಶಿರಸ್ಸೇ ಪ್ರಧಾನವಾದುದರಿಂದ ಗಂಡನ ತಲೆಯುಳ್ಳವನೇ ಗಂಡನೆಂದು ರಾಜನು ಉತ್ತರಿಸುತ್ತಾನೆ. ಜರ್ಮನ್ ಲೇಖಕ ಥಾಮಸ್ ಮನ್ 1940ರಲ್ಲಿ ಇದನ್ನು ಕಿರುಕಾದಂಬರಿಯಾಗಿಸಿ ರಾಜನ ಉತ್ತರವನ್ನೇ ಪ್ರಶ್ನಿಸಿದರು.

ಗಿರೀಶ ಕಾರ್ನಾಡರ 'ಹಯವದನ' (1971) ನಾಟಕ ಈ ಎರಡೂ ಆಕರಗಳನ್ನು ಬಳಸಿಕೊಂಡಿದೆ. ದೇವದತ್ತನ ತಲೆ ಕಪಿಲನ ದೇಹಕ್ಕೂ, ಕಪಿಲನ ತಲೆ ದೇವದತ್ತನ ದೇಹಕ್ಕೂ ಸೇರುತ್ತವೆ. ಪದ್ಮಿನಿಗೆ ಬೇಕೆನಿಸಿದ ಬುದ್ಧಿ ಮತ್ತು ಬಲ ಎರಡೂ ಒಬ್ಬನಲ್ಲಿ ಕೂಡಿದಂತೆ ಕಂಡರೂ, ಕಾಲ ಕಳೆದಂತೆ ದೇಹಗಳು ತಲೆಗಳಿಗೆ ತಕ್ಕಂತೆ ಮಾರ್ಪಡುತ್ತವೆ. ಆದರೂ ಹಳೆಯ ದೇಹದ ನೆನಪು ಪೂರ್ತಿ ಅಳಿಯುವುದಿಲ್ಲ. 'ಹಯವದನ' ವಿಜ್ಞಾನ ಕಥೆಯಲ್ಲ. ಅಲ್ಲಿ ತಲೆ ಜೋಡಿಸುವುದು ಶಸ್ತ್ರವೈದ್ಯನಲ್ಲ, ಕಾಳಿ. ಆದರೆ ದೇಹವೇ ಆತ್ಮವೆಂಬ ಚಾರ್ವಾಕ ಮತ, ಆತ್ಮ ಬೇರೆಯೆಂಬ ವೇದಾಂತ, ಸ್ಥಿರವಾದ ಆತ್ಮವೇ ಇಲ್ಲವೆಂಬ ಬೌದ್ಧ ಅನಾತ್ಮವಾದ ಈ ಮೂರನ್ನೂ ಒಂದೇ ರಂಗದ ಮೇಲೆ ಎದುರುಬದುರಾಗಿ ನಿಲ್ಲಿಸಿ ನೋಡಲು ಅದು ಅವಕಾಶ ನೀಡುತ್ತದೆ.

ಋತ ಮತ್ತು ಧರ್ಮ

ಎಸ್. ಎಲ್. ಭೈರಪ್ಪನವರ 'ಯಾನ' (2014) ಕನ್ನಡದಲ್ಲಿ ತತ್ತ್ವಜಿಜ್ಞಾಸೆಯನ್ನೇ ಗುರಿಯಾಗಿಟ್ಟುಕೊಂಡ ಅಂತರಿಕ್ಷ ಕಾದಂಬರಿ. ಹಿಂದಿರುಗುವ ಸಾಧ್ಯತೆಯಿಲ್ಲದ ನೌಕೆಯೊಂದರಲ್ಲಿ ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಸೌರವ್ಯೂಹದಾಚೆಗೆ ಹೊರಡುತ್ತಾರೆ. ಇಂತಹ ಪ್ರಯಾಣಕ್ಕೆ ಒಂದು ಜೀವಿತಾವಧಿ ಸಾಲದು. ಸೂರ್ಯನ ನಂತರ ನಮಗೆ ಅತ್ಯಂತ ಹತ್ತಿರದ ನಕ್ಷತ್ರವಾದ ಪ್ರಾಕ್ಸಿಮಾ ಸೆಂಟಾರಿ ಸುಮಾರು 4.24 ಜ್ಯೋತಿರ್ವರ್ಷ ದೂರದಲ್ಲಿದೆ. ಸೆಕೆಂಡಿಗೆ ಸುಮಾರು 17 ಕಿ.ಮೀ. ಸಾಗುವ ವಾಯೇಜರ್-1 ನೌಕೆಯ ವೇಗದಲ್ಲಿ ಹೋದರೆ ಅಷ್ಟು ದೂರ ಕ್ರಮಿಸಲು 70,000 ವರ್ಷಗಳಿಗೂ ಹೆಚ್ಚು ಕಾಲ ಬೇಕು. ಆದುದರಿಂದ ನೌಕೆಯಲ್ಲೇ ಸಂತಾನ ಬೆಳೆಯಬೇಕು.

ಹೀಗೆ ನೌಕೆಯಲ್ಲಿ ಹುಟ್ಟಿ ಬೆಳೆದವರು ಆಕಾಶ್ ಮತ್ತು ಮೇದಿನಿ. ಇಬ್ಬರ ಹೆಸರೂ ಅರ್ಥಪೂರ್ಣ: ಒಂದು ಬಾನು, ಇನ್ನೊಂದು ಅವರು ಎಂದೂ ಕಾಣದ ಭೂಮಿ. ವಂಶ ಮುಂದುವರಿಯಲು ಅವರು ಸತಿಪತಿಗಳಾಗಬೇಕೇ ಎಂಬ ಪ್ರಶ್ನೆ ಕಥೆಯ ನಡುವೆ ಎದುರಾಗುತ್ತದೆ. ಭೂಮಿಯ ಸಮಾಜ, ಕಾನೂನು, ಬಂಧುಬಳಗ ಯಾವುವೂ ಇಲ್ಲದೆಡೆ ಧರ್ಮ ಉಳಿಯುವುದೇ? ಧರ್ಮವು ಸಮಾಜದ ಒಪ್ಪಂದವೋ, ನಿಸರ್ಗದಲ್ಲೇ ನೆಲೆಸಿದ ಋತವೋ? ಋಗ್ವೇದದ ಹತ್ತನೆಯ ಮಂಡಲದಲ್ಲಿರುವ ಯಮ-ಯಮಿಯರ ಸಂವಾದಸೂಕ್ತ ಇದೇ ಪ್ರಶ್ನೆಯ ಅತಿ ಹಳೆಯ ರೂಪಗಳಲ್ಲಿ ಒಂದು. ವಂಶವೃದ್ಧಿಯ ಕಾರಣ ಮುಂದಿಟ್ಟು ಯಮಿಯು ಅವಳಿ ಸೋದರನನ್ನು ಬಯಸುತ್ತಾಳೆ. ದೇವತೆಗಳ ಕಣ್ಣು ಎಂದಿಗೂ ಮುಚ್ಚದೆಂದು ಹೇಳಿ ಯಮನು ನಿರಾಕರಿಸುತ್ತಾನೆ. ಯಾರೂ ನೋಡುತ್ತಿಲ್ಲದ ಸ್ಥಳವೊಂದು ಇದೆಯೇ ಎಂಬುದೇ ಅಲ್ಲಿಯ ವಾದದ ತಿರುಳು. ಅಂತರಿಕ್ಷ ನೌಕೆಯು ಅಂತಹ ಸ್ಥಳವನ್ನು ಯಂತ್ರದ ಮೂಲಕ ಕಟ್ಟಿಕೊಡುತ್ತದೆ.

ಅರಿವು

ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಕಟ್ಟುನಿಟ್ಟಿನ ಅರ್ಥದಲ್ಲಿ ವಿಜ್ಞಾನ ಕಥೆಯಲ್ಲದಿದ್ದರೂ ಆ ಪ್ರಕಾರದ ಚರ್ಚೆಗಳಲ್ಲಿ ಬಿಟ್ಟುಬಿಡಲಾಗದ ಕಾದಂಬರಿ. ವಿಜ್ಞಾನಿ ಕರ್ವಾಲೊ, ಜೇನು ಹಿಡಿಯುವ ಮಂದಣ್ಣ ಮತ್ತು ಅವರ ಸಂಗಡಿಗರು ವಿಕಾಸದ ಹಾದಿಯಲ್ಲಿ ಲಕ್ಷಾಂತರ ವರ್ಷಗಳಿಂದ ಉಳಿದು ಬಂದ ಹಾರುವ ಓತಿಯನ್ನು ಮಲೆನಾಡಿನ ಕಾಡಿನಲ್ಲಿ ಹುಡುಕುತ್ತಾರೆ. ಕೊನೆಗೆ ಅದು ಕಣ್ಣಿಗೆ ಬೀಳುತ್ತದೆ, ಆದರೆ ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ. ಇಲ್ಲಿ ಯಾವ ದರ್ಶನದ ಹೆಸರೂ ಮುಖ್ಯವಲ್ಲ. ಡಿಗ್ರಿಯಿಲ್ಲದ ಮಂದಣ್ಣನ ಸೂಕ್ಷ್ಮ ನೋಟಕ್ಕೆ ವಿಜ್ಞಾನಿಯು ಕೊಡುವ ಬೆಲೆ, ತಿಳಿಯುವುದಕ್ಕೂ ವಶಪಡಿಸಿಕೊಳ್ಳುವುದಕ್ಕೂ ಇರುವ ವ್ಯತ್ಯಾಸ, ಕಾಲದ ಅಗಾಧತೆಯ ಮುಂದೆ ಮೂಡುವ ವಿನಯ ಇವುಗಳಿಂದಲೇ ಕಾದಂಬರಿಯ ತಾತ್ತ್ವಿಕತೆ ರೂಪುಗೊಂಡಿದೆ.

ಹುಬ್ಬಳ್ಳಿ-ಧಾರವಾಡದ ಪರಿಸರ

ಮೇಲೆ ಹೇಳಿದ ಲೇಖಕರಲ್ಲಿ ಹಲವರಿಗೆ ಹುಬ್ಬಳ್ಳಿ-ಧಾರವಾಡ ಅವಳಿ ನಗರದ ನಂಟಿದೆ. ಭೂಸನೂರಮಠರು ಧಾರವಾಡದವರು. ಕಾರ್ನಾಡರು ಬಾಲ್ಯದ ಕೊನೆಯ ವರ್ಷಗಳನ್ನು ಧಾರವಾಡದಲ್ಲಿ ಕಳೆದು, ಕರ್ನಾಟಕ ಕಾಲೇಜಿನಲ್ಲಿ ಗಣಿತ ಮತ್ತು ಸಂಖ್ಯಾಶಾಸ್ತ್ರ ಓದಿ 1958ರಲ್ಲಿ ಪದವಿ ಪಡೆದರು. ಅವರ ನಾಟಕಗಳನ್ನು ಪ್ರಕಟಿಸಿದ ಮನೋಹರ ಗ್ರಂಥಮಾಲೆಯನ್ನು 1933ರಲ್ಲಿ ಜಿ. ಬಿ. ಜೋಶಿಯವರು ಧಾರವಾಡದಲ್ಲಿ ಆರಂಭಿಸಿದರು. ಭೈರಪ್ಪನವರು ತಮ್ಮ ಅಧ್ಯಾಪನ ವೃತ್ತಿಯ ಆರಂಭದಲ್ಲಿ ಹುಬ್ಬಳ್ಳಿಯ ಕಾಡಸಿದ್ಧೇಶ್ವರ ಕಾಲೇಜಿನಲ್ಲಿ ಉಪನ್ಯಾಸಕರಾಗಿದ್ದರು. ಅವರ ಕಾದಂಬರಿಗಳ ಪ್ರಕಾಶಕರಾದ ಸಾಹಿತ್ಯ ಭಂಡಾರವು ಮೊದಲು ನೆಲೆಗೊಂಡದ್ದೂ ಹುಬ್ಬಳ್ಳಿಯಲ್ಲಿಯೇ.

ಲೋಕ ಶಿಕ್ಷಣ ಟ್ರಸ್ಟಿನ 'ಕಸ್ತೂರಿ' ಮಾಸಪತ್ರಿಕೆಯು 1956ರಲ್ಲಿ ಹುಬ್ಬಳ್ಳಿಯಿಂದ ಪ್ರಕಟವಾಗತೊಡಗಿತು. ಪಾ. ವೆಂ. ಆಚಾರ್ಯರ ಸಂಪಾದಕತ್ವದಲ್ಲಿ ಅದು ವಿಜ್ಞಾನ, ಭಾಷೆ, ಇತಿಹಾಸ, ಮತಧರ್ಮ ಎಲ್ಲವನ್ನೂ ಒಂದೇ ಸಂಚಿಕೆಯಲ್ಲಿ ತಿಳಿಗನ್ನಡದಲ್ಲಿ ಒದಗಿಸಿತು. ಅದರ ಪುಸ್ತಕ ವಿಭಾಗದಲ್ಲಿ ಬರುತ್ತಿದ್ದ ಗ್ರಂಥಸಂಗ್ರಹಗಳಿಂದ ಹೊರನಾಡುಗಳ ಕೃತಿಗಳು ಹಳ್ಳಿಯ ವಾಚನಾಲಯಗಳಿಗೂ ತಲುಪಿದವು.

ದಾರ್ಶನಿಕ ಪದಸಂಪತ್ತಿನ ವಿಷಯದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕೊಡುಗೆ ಗಮನಾರ್ಹ. ಶರಣರ ಸಂವಾದಗಳನ್ನು ಒಳಗೊಂಡ 'ಶೂನ್ಯಸಂಪಾದನೆ'ಯ ಇಂಗ್ಲಿಷ್ ಅನುವಾದವನ್ನು ಅದು 1965ರಿಂದ ಐದು ಸಂಪುಟಗಳಲ್ಲಿ ಪ್ರಕಟಿಸಿತು. ಅಲ್ಲಮಪ್ರಭುವಿನ 'ಶೂನ್ಯ', 'ಬಯಲು' ಎಂಬ ಪದಗಳಿಗೆ ಏನೂ ಇಲ್ಲದಿರುವಿಕೆ ಎಂಬುದಕ್ಕಿಂತ ವಿಸ್ತಾರವಾದ ಅರ್ಥವಿದೆ: ಎಲ್ಲಕ್ಕೂ ಎಡೆಗೊಡುವ, ಯಾವ ಗುರುತಿಗೂ ಸಿಕ್ಕದ ತೆರವು ಅದು. ಅಂತರಿಕ್ಷವನ್ನು ಗಾಳಿಯಿಲ್ಲದ ಬರಿದಾದ ಜಾಗವೆಂದಷ್ಟೇ ವರ್ಣಿಸುವ ಕಥೆಗೂ ಅದನ್ನು ಬಯಲೆಂದು ಕಾಣುವ ಕಥೆಗೂ ಇರುವ ಅಂತರ ಕನ್ನಡ ಓದುಗನಿಗೆ ಸುಲಭವಾಗಿ ತಿಳಿಯುತ್ತದೆ.

ಕಥೆ ಮತ್ತು ಇತಿಹಾಸದ ನಡುವಿನ ಗೆರೆ

ಪ್ರಾಚೀನ ಕಲ್ಪನೆಗಳನ್ನು ಕಥೆಯಲ್ಲಿ ಬಳಸುವುದು ಬೇರೆ. ಅವು ಪ್ರಾಚೀನ ಕಾಲದ ತಂತ್ರಜ್ಞಾನಕ್ಕೆ ಸಾಕ್ಷಿಯೆಂದು ಸಾಧಿಸುವುದು ಬೇರೆ. ಇವೆರಡೂ ಬೆರೆತರೆ ಆಗುವ ಗೊಂದಲಕ್ಕೆ 'ವೈಮಾನಿಕ ಶಾಸ್ತ್ರ' ಕರ್ನಾಟಕದ್ದೇ ಆದ ನಿದರ್ಶನ. ಭರದ್ವಾಜ ಮಹರ್ಷಿಯ ಹೆಸರಿನಲ್ಲಿರುವ ಈ ಸಂಸ್ಕೃತ ಗ್ರಂಥವನ್ನು ಆನೇಕಲ್ಲಿನ ಪಂಡಿತ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರ ಅವಧಿಯಲ್ಲಿ ಹೇಳಿ ಬರೆಯಿಸಿದರು. ಮೈಸೂರಿನ ಜಿ. ಆರ್. ಜೋಸ್ಯರ್ ಅವರು 1973ರಲ್ಲಿ ಇದನ್ನು ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟಿಸಿದರು. ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ವಿಮಾನಗಳ ವಿವರ ಇದರಲ್ಲಿದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಚ್. ಎಸ್. ಮುಕುಂದ ಮತ್ತು ಸಹೋದ್ಯೋಗಿಗಳು 1974ರಲ್ಲಿ ಈ ಗ್ರಂಥವನ್ನು ಭಾಷೆ ಮತ್ತು ವಾಯುಯಾನ ವಿಜ್ಞಾನ ಎರಡೂ ದೃಷ್ಟಿಗಳಿಂದ ಪರಿಶೀಲಿಸಿದರು. ಗ್ರಂಥವು 1904ಕ್ಕಿಂತ ಹಿಂದಿನದಲ್ಲವೆಂದೂ ವರ್ಣಿತವಾದ ಯಾವ ವಿಮಾನವೂ ಹಾರಲಾರದೆಂದೂ ಅವರು ತೀರ್ಮಾನಿಸಿದರು. ಈ ತೀರ್ಮಾನದಿಂದ ರಾಮಾಯಣದ ಪುಷ್ಪಕ ವಿಮಾನಕ್ಕೆ ಯಾವ ಕುಂದೂ ಇಲ್ಲ. ಪುಷ್ಪಕವು ಕಾವ್ಯದ ಕಲ್ಪನೆ. ಅದಕ್ಕೆ ರೆಕ್ಕೆಯ ಅಳತೆ ಬೇಕಾಗಿಲ್ಲ. ಅಳತೆ ಹೇಳಿದ ಗ್ರಂಥವು ಅಳತೆಯ ಪರೀಕ್ಷೆಗೆ ಒಳಗಾಗಬೇಕಾಯಿತು.

ಕಲ್ಪದ 432 ಕೋಟಿ ವರ್ಷಗಳೂ ಭೂಮಿಯ ವಯಸ್ಸಾದ ಸುಮಾರು 454 ಕೋಟಿ ವರ್ಷಗಳೂ ಸಮೀಪವಾಗಿರುವುದನ್ನು ಕೆಲವರು ಪ್ರಮಾಣವೆಂದು ಮುಂದಿಡುತ್ತಾರೆ. ಮೊದಲನೆಯ ಸಂಖ್ಯೆ 4,32,000 ವರ್ಷಗಳ ಕಲಿಯುಗದ ಗುಣಾಕಾರದಿಂದ ಬಂದದ್ದು. ಎರಡನೆಯದು ಶಿಲೆ ಮತ್ತು ಉಲ್ಕೆಗಳಲ್ಲಿನ ವಿಕಿರಣಶೀಲ ಧಾತುಗಳ ಅಳತೆಯಿಂದ ತಿಳಿದದ್ದು. ದಶಾವತಾರವನ್ನು ಜೀವವಿಕಾಸದೊಂದಿಗೆ ಹೋಲಿಸುವುದೂ ಇಂತಹುದೇ. ಮತ್ಸ್ಯ, ಕೂರ್ಮ, ವರಾಹಗಳ ಕ್ರಮ ಕುತೂಹಲಕಾರಿಯಾದರೂ ಅವತಾರದ ಉದ್ದೇಶ ಧರ್ಮರಕ್ಷಣೆ, ವಿಕಾಸಕ್ಕೆ ಉದ್ದೇಶವೆಂಬುದಿಲ್ಲ. ವೈಜ್ಞಾನಿಕ ಮನೋಭಾವ ಮತ್ತು ಜಿಜ್ಞಾಸೆಯನ್ನು ಬೆಳೆಸಿಕೊಳ್ಳುವುದು ಭಾರತದ ಸಂವಿಧಾನದ 51ಎ ವಿಧಿಯಲ್ಲಿ ಹೇಳಿರುವ ಮೂಲಭೂತ ಕರ್ತವ್ಯಗಳಲ್ಲಿ ಒಂದಾಗಿರುವುದರಿಂದ ಈ ಗೆರೆಯು ಶಾಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ವಿಶೇಷವಾಗಿ ಮುಖ್ಯವಾಗುತ್ತದೆ.

ಟೀಕೆಗಳು

ಈ ಬಗೆಯ ಬಳಕೆಯ ಬಗ್ಗೆ ಮುಖ್ಯವಾಗಿ ಮೂರು ಆಕ್ಷೇಪಗಳಿವೆ.

ಮೊದಲನೆಯದು ಅಲಂಕಾರಪ್ರಿಯತೆ. ಕಾಷಾಯವಸ್ತ್ರ, ಸಂಸ್ಕೃತ ಮಂತ್ರ, ಗಡ್ಡಧಾರಿ ಗುರು ಇವುಗಳನ್ನು ಕಥೆಗೆ ಗಾಂಭೀರ್ಯ ತರುವ ಸಾಮಗ್ರಿಯಾಗಿ ಮಾತ್ರ ಬಳಸಿ ಅವುಗಳ ಹಿಂದಿನ ವಾದಗಳನ್ನು ಕೈಬಿಡುವ ಪ್ರವೃತ್ತಿ ಪಾಶ್ಚಾತ್ಯ ಚಿತ್ರಗಳಲ್ಲಿ ಹೆಚ್ಚಾಗಿದೆ.

ಎರಡನೆಯದು ಏಕರೂಪತೆ. ಪೂರ್ವವೆಲ್ಲ ಮಾಯಾವಾದಿ, ಪಶ್ಚಿಮವೆಲ್ಲ ಭೌತವಾದಿ ಎಂಬ ಸರಳ ವಿಭಜನೆಯು ಚಾರ್ವಾಕರನ್ನೂ ನ್ಯಾಯ-ವೈಶೇಷಿಕರ ಪರಮಾಣುವಾದವನ್ನೂ ಮಧ್ವರ ಜಗತ್ಸತ್ಯತ್ವವನ್ನೂ ಮರೆಸುತ್ತದೆ. ಒಂದೇ ವಸ್ತುವನ್ನು ಹಲವು ನೆಲೆಗಳಿಂದ ನೋಡಬೇಕೆನ್ನುವ ಜೈನರ ಅನೇಕಾಂತವಾದವು ವಿಜ್ಞಾನ ಕಥೆಗೆ ತೀರ ಹೊಂದುವಂಥದ್ದಾದರೂ ಇತರ ಪರಿಕಲ್ಪನೆಗಳಷ್ಟು ಬಳಕೆಯಾಗಿಲ್ಲ.

ಮೂರನೆಯದು ಕನ್ನಡಕ್ಕೆ ಸಂಬಂಧಿಸಿದ್ದು. ಪುರಾಣದ ಹೆಸರೊಂದನ್ನು ಯಂತ್ರಕ್ಕೋ ನೌಕೆಗೋ ಇಟ್ಟಮಾತ್ರಕ್ಕೆ ಕಥೆ ಭಾರತೀಯವಾಗುವುದಿಲ್ಲವೆಂಬುದು ಅದರ ಸಾರ. 'ಯಾನ'ದಲ್ಲಿ ಬಾನಂಗಳದ ವರ್ಣನೆಗಿಂತ ಸಂಬಂಧಗಳ ಧರ್ಮಸಂಕಟ ಮುಖ್ಯವಾದುದರಿಂದ, 'ಕರ್ವಾಲೊ'ದಲ್ಲಿ ಹಾರುವ ಓತಿಗಿಂತ ಹುಡುಕುವವರ ಮನಸ್ಸು ಮುಖ್ಯವಾದುದರಿಂದ ಆ ಕೃತಿಗಳಿಗೆ ತಾತ್ತ್ವಿಕ ತೂಕ ಬಂದಿದೆ. ಭೂಮಿಯ ವಯಸ್ಸನ್ನು ತಿಳಿಯಬಯಸುವವರು ಭೂವಿಜ್ಞಾನವನ್ನು ಓದಬೇಕು. ಆ ವಯಸ್ಸಿನ ಮುಂದೆ ಮನುಷ್ಯನು ಹೇಗೆ ಬಾಳಬೇಕೆಂಬ ಪ್ರಶ್ನೆಗೆ ಇಂತಹ ಕಥೆಗಳು ಇಂದಿಗೂ ಒದಗಿಬರುತ್ತಿವೆ.

ಇವನ್ನೂ ನೋಡಿ

ಕನ್ನಡ ಕಾದಂಬರಿ
ಭಾರತೀಯ ದರ್ಶನಗಳು
ಮಾಂಡೂಕ್ಯ ಉಪನಿಷತ್ತು
ಬೇತಾಳ ಕಥೆಗಳು
ಶೂನ್ಯಸಂಪಾದನೆ
ಸಾಪೇಕ್ಷತಾ ಸಿದ್ಧಾಂತ
ವೈಜ್ಞಾನಿಕ ಮನೋಭಾವ